ಜೋಡಿನಳಿಗೆಯ ಫಟಫಟಿ

ಆ ಮನೆಯ ಕೋವಿಗೆ ಬಾಯಿ ಎರಡು, ಮಾತು ಮಾತ್ರ ಕಡಿಮೆ. ಆಯುಧಗಳಿಗೆ ಪೂಜೆ ಮಾಡುವ ಕೈಲು ಮುಹೂರ್ತದ ದಿನ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಆಟವನ್ನು ಬಿಟ್ಟರೆ ಅದು ಬಾಯಿ ಬಿಡುತ್ತಿದ್ದದ್ದು ಎರಡೇ ಕಾರಣಕ್ಕೆ. ಮನೆಯಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು. ಯಾರಾದರೂ ತೀರಿಕೊಂಡರೆ ಎರಡು. ಒಂದು ಕೇಳಿದರೆ ಊರಿನವರು ಕೆಲಸದ ನಡುವೆ ತಲೆಯೆತ್ತಿ ನಕ್ಕು ಮತ್ತೆ ಕತ್ತಿ ಹಿಡಿಯುತ್ತಿದ್ದರು. ಎರಡು ಕೇಳಿದರೆ ಕೈಯಲ್ಲಿದ್ದದ್ದನ್ನು ಇದ್ದಲ್ಲೇ ಬಿಟ್ಟು, ತಲೆವಸ್ತ್ರ ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಸದ್ದು ಬಂದ ದಿಕ್ಕಿಗೆ ನಡೆಯುತ್ತಿದ್ದರು. ಯಾರು, ಏನು ಎಂದು ದಾರಿಯಲ್ಲಿ ಕೇಳುವ ರೂಢಿಯಿಲ್ಲ. ಹೋಗಿ ಅಂಗಳದಲ್ಲಿ ನಿಂತ ಮೇಲೆಯೇ ತಿಳಿಯುವುದು.

ನೀಲವ್ವ ಆ ಮನೆಗೆ ಸೊಸೆಯಾಗಿ ಬಂದು ನಲವತ್ತೆರಡು ವರ್ಷ. ಅಷ್ಟರಲ್ಲಿ ಕೋವಿ ಒಂದೇ ಸಲ ಒಂದು ಎಂದಿತ್ತು, ಮಗ ಕುಶಾಲಪ್ಪ ಹುಟ್ಟಿದಾಗ. ಎರಡು ಸಲ ಎರಡು ಎಂದಿತ್ತು, ಮಾವ ಹೋದಾಗ, ಆಮೇಲೆ ಗಂಡ ಹೋದಾಗ. ಸೊಸೆ ಯಮುನಳ ಎರಡು ಕೂಸುಗಳಿಗೆ ಅದು ಏನೂ ಅನ್ನಲಿಲ್ಲ. ಹುಟ್ಟಿದವು ಅನ್ನಲು ಅವು ಅತ್ತಿರಲಿಲ್ಲ, ಸತ್ತವು ಅನ್ನಲು ಬದುಕಿರಲಿಲ್ಲ.

ಎರಡೂ ಹೋದದ್ದು ದಾರಿಯಲ್ಲಿ. ಮನೆಯಿಂದ ಇಳಿದರೆ ತೋಡು, ತೋಡಿಗೆ ಮೂರು ಮರ ಜೋಡಿಸಿದ ಸಂಕ, ಸಂಕ ದಾಟಿದರೆ ಎದುರು ಗುಡ್ಡಕ್ಕೆ ಸುತ್ತಿಕೊಂಡು ಮೂರು ಮೈಲಿ ಕಲ್ಲುದಾರಿ. ಅಲ್ಲಿಂದ ಆಚೆಗೆ ದೊಡ್ಡ ರಸ್ತೆ, ಮಡಿಕೇರಿ. ಆ ಕಲ್ಲುದಾರಿಗೂ ಸಂಕಕ್ಕೂ ಜೀಪು ಬರುವುದಿಲ್ಲ. ಎರಡು ಸಲವೂ ಕಂಬಳಿಯನ್ನು ಬಿದಿರಿಗೆ ಕಟ್ಟಿ, ಅದರೊಳಗೆ ಯಮುನಳನ್ನು ಮಲಗಿಸಿ, ನಾಲ್ಕು ಜನ ಹೊತ್ತಿದ್ದರು. ಎರಡು ಸಲವೂ ಗುಡ್ಡದ ನೆತ್ತಿಯ ಆನೆಕಲ್ಲಿನ ತಿರುವು ತಲುಪುವಷ್ಟರಲ್ಲಿ ಕಂಬಳಿಯಿಂದ ರಕ್ತ ತೊಟ್ಟಿಕ್ಕಿತ್ತು.

ಎರಡನೆಯ ಸಲ ಆಸ್ಪತ್ರೆಯ ಡಾಕ್ಟರು ಕನ್ನಡಕ ತೆಗೆದು ಹೇಳಿದ್ದರು: "ಇನ್ನೊಂದು ಸಲ ಹೀಗೇ ಹೊತ್ತು ತಂದರೆ ಮಗುವಿನ ಜೊತೆ ತಾಯಿಯನ್ನೂ ಹೊತ್ತುಕೊಂಡೇ ವಾಪಸ್ ಹೋಗಬೇಕಾಗ್ತದೆ. ನೋವು ಶುರುವಾದ ಎರಡು ಗಂಟೆಯೊಳಗೆ ಇವಳು ನನ್ನ ಕಣ್ಣೆದುರು ಇರಬೇಕು. ಗೊತ್ತಾಯ್ತಾ?"

ಗೊತ್ತಾಗಿತ್ತು. ಆದರೆ ಬಸಿರು ಡಾಕ್ಟರ ಮಾತು ಕೇಳುತ್ತದೆಯೇ? ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡನೆಯ ವರ್ಷದ ಮಳೆಗಾಲದಲ್ಲಿ, ನಾಟಿ ಮುಗಿದ ಗದ್ದೆಯ ಬದುವಿನಲ್ಲಿ ಕುಳಿತು ಯಮುನ ವಾಂತಿ ಮಾಡಿಕೊಂಡಳು. ನೀಲವ್ವ ಬೆನ್ನು ನೀವುತ್ತಾ ನಿಂತವಳು ಏನೂ ಕೇಳಲಿಲ್ಲ. ಕೇಳಿದರೆ ನಿಜವಾಗಿಬಿಡುತ್ತದೆ ಎಂಬ ಹೆದರಿಕೆ.

ಕುಶಾಲಪ್ಪ ಮಾರನೆಯ ದಿನ ಎತ್ತು ಕಟ್ಟಿಕೊಂಡು ಹೊರಟವನು ಸಂಜೆಗೆ ಒಂದು ಕಬ್ಬಿಣದ ಹೆಣವನ್ನು ಎಳೆದುಕೊಂಡು ಬಂದ.

ಅದೊಂದು ಮಿಲಿಟರಿ ಮೋಟಾರ್ ಸೈಕಲ್ಲು, ಅಂದರೆ ಅದರ ಅರ್ಧ. ಬಿಳಿಯ ದೊರೆ ಕಾಫಿ ಎಸ್ಟೇಟು ಮಾರಿ ತನ್ನ ಸೀಮೆಗೆ ಹೋಗುವಾಗ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯಲ್ಲಿ ಬಿಟ್ಟು ಹೋದದ್ದು. ಇಂಜಿನ್ನಿತ್ತು, ಹಿಂದಿನ ಚಕ್ರವಿತ್ತು. ಮುಂದಿನ ಚಕ್ರ ಬೇರೆ ಬಿದ್ದಿತ್ತು, ಚಕ್ರವನ್ನು ಹಿಡಿಯುವ ಕವಲೇ ಇರಲಿಲ್ಲ. ಇಂಜಿನ್ನಿನ ಸಂದಿಯಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತಂತೆ. ಎಸ್ಟೇಟಿನ ಪಲ್ಪರನ್ನು ರಿಪೇರಿ ಮಾಡಿಕೊಟ್ಟದ್ದಕ್ಕೆ ಲೆಕ್ಕ ಬರೆಯುವ ರೈಟರು "ಕೋಳಿ ಬಿಟ್ಟು ಮಿಕ್ಕಿದ್ದು ಕೊಂಡೋಗಿ" ಎಂದಿದ್ದರು.

ನೀಲವ್ವ ಸೊಂಟಕ್ಕೆ ಕೈಯಿಟ್ಟು ನೋಡಿದಳು.

"ಇದಕ್ಕೆ ಮುಂದಿನ ಕಾಲೇ ಇಲ್ಲೆಯಲ್ಲಾ ಮಗಾ. ನಿನಗೂ ಒಂದು ಕಾಲಿಲ್ಲೆ, ಇದಕ್ಕೂ ಒಂದು ಕಾಲಿಲ್ಲೆ. ಜೋಡಿ ಸರಿ ಉಟ್ಟು."

"ನನಗೆ ಕಾಲು ಉಟ್ಟು ಅವ್ವ. ಮಡಚೂದಿಲ್ಲೆ ಅಷ್ಟೆ," ಎಂದ ಕುಶಾಲಪ್ಪ.

ಯುದ್ಧದಲ್ಲಿ ಅವನು ಒಂದು ಪಾಳೆಯದಿಂದ ಇನ್ನೊಂದಕ್ಕೆ ಮೋಟಾರ್ ಸೈಕಲ್ಲಿನಲ್ಲಿ ಕಾಗದ ಮುಟ್ಟಿಸುತ್ತಿದ್ದವನು. ಬರ್ಮಾದ ಗಡಿಯಲ್ಲಿ ಎಡಮಂಡಿಗೆ ತಾಗಿದ ಗುಂಡು ಆ ಕಾಲನ್ನು ಒನಕೆ ಮಾಡಿಟ್ಟಿತ್ತು. ಕೂತರೂ ನೆಟ್ಟಗೆ, ಮಲಗಿದರೂ ನೆಟ್ಟಗೆ. ಬಸ್ಸಿನಲ್ಲಿ ಅವನ ಕಾಲಿಗೆ ಎಡವಿ ಬೈಯದವರಿಲ್ಲ.

ಹಾಗೆ ಶುರುವಾಯಿತು. ಅಂಗಳದ ಮೂಲೆಯ ಸೌದೆಕೊಟ್ಟಿಗೆ ಖಾಲಿಯಾಯಿತು. ಊರಿನ ಕಮ್ಮಾರ ಐರಿ ನಾಣಯ್ಯ ತನ್ನ ತಿದಿ, ಅಡಿಗಲ್ಲು ಹೊತ್ತು ತಂದು ಅಲ್ಲೇ ಕುಲುಮೆ ಹೂಡಿದ. ಕತ್ತಿ, ಗುದ್ದಲಿ, ಕೋವಿಯ ಕುದುರೆ ಇವನ್ನೆಲ್ಲ ತಟ್ಟಿ ಸರಿಮಾಡಿದ ಕೈ ಅದು, ಮೋಟಾರ್ ಸೈಕಲ್ಲನ್ನು ಮುಟ್ಟಿದ್ದಿಲ್ಲ. ಕುಶಾಲಪ್ಪ ನೆಲದ ಮೇಲೆ ಇದ್ದಿಲಿನಲ್ಲಿ ಚಿತ್ರ ಬರೆದು ತೋರಿಸಿದಾಗ ನಾಣಯ್ಯ ಬೀಡಿ ಕೆಳಗಿಟ್ಟ.

"ಇದೆಂತ ಕುಶಾಲ, ಮಿಡತೆಯಾ?"

ಚಿತ್ರದಲ್ಲಿ ಮುಂದಿನ ಚಕ್ರ ಎಲ್ಲೋ ದೂರದಲ್ಲಿತ್ತು. ಉದ್ದನೆಯ ಎರಡು ಕಾಲುಗಳು ಓರೆಯಾಗಿ ಚಾಚಿ ಅದನ್ನು ಹಿಡಿದಿದ್ದವು. ಹಿಡಿಕೆ ಎಮ್ಮೆಕೊಂಬಿನ ಹಾಗೆ ಮೇಲೆದ್ದಿತ್ತು. ಹಿಂದೆ ಕುರ್ಚಿಯಂಥ ಒಂದು ಒರಗು.

"ನಕ್ಕೊ. ಆದರೆ ಕೇಳು," ಎಂದ ಕುಶಾಲಪ್ಪ. "ಕವಲು ಉದ್ದ ಮಾಡಿದರೆ ಮುಂಭಾಗ ಮೇಲಕ್ಕೇಳ್ತದೆ, ಹೊಟ್ಟೆ ಕಲ್ಲಿಗೆ ತಾಗೂದಿಲ್ಲೆ. ಸೀಟು ಹಿಂದಕ್ಕೆ ಓರೆ ಆದರೆ ಕೂತವಳು ಮುಂದೆ ಜಾರೂದಿಲ್ಲೆ, ಒರಗಿಕೊಂಡೇ ಇರ್ತಾಳೆ. ನನ್ನ ಈ ಒನಕೆಯನ್ನ ಮುಂದಕ್ಕೆ ಚಾಚಿದರೆ ಹಿಮ್ಮಡಿಯಲ್ಲೇ ಬ್ರೇಕು ಒತ್ತಬಹುದು. ಎಲ್ಲ ಸರಿ ಹೋಗ್ತದೆ."

"ಸರಿ ಹೋದೀತು. ಮದ್ರಾಸಿಂದ ಒಂದು ತುಂಡು, ಬೊಂಬಾಯಿಂದ ಒಂದು ತುಂಡು, ಹೈದರಾಬಾದಿಂದ ಒಂದು ತುಂಡು ತಂದು ನಮ್ಮನ್ನೂ ಸೇರಿಸಿ ರಾಜ್ಯವನ್ನೇ ಜೋಡಿಸಿದ್ದಾರಂತೆ. ನಮಗೊಂದು ಫಟಫಟಿ ಜೋಡಿಸ್ಲಿಕ್ಕೆ ಆಗದಾ?"

ತಿಂಗಳುಗಳು ಯಮುನಳ ಹೊಟ್ಟೆಯಲ್ಲೂ ಸೌದೆಕೊಟ್ಟಿಗೆಯಲ್ಲೂ ಒಟ್ಟಿಗೆ ಬೆಳೆದವು. ಹಳೆಯ ಮಂಚದ ಕಂಬಿ ಬಗ್ಗಿ ಹಿಡಿಕೆಯಾಯಿತು. ಗಂಡ ಕೂರುತ್ತಿದ್ದ ಬೆತ್ತದ ಕುರ್ಚಿಯ ಕಾಲು ಕೊಯ್ದದ್ದನ್ನು ನೀಲವ್ವ ಕಂಡೂ ಕಾಣದ ಹಾಗೆ ಇದ್ದಳು. ಕಿಟಕಿಯ ಎರಡು ಸರಳು ಹೋದವು, ಒರಗಿಗೆ. ಗೋಣಿಕೊಪ್ಪಲಿನ ಒಂದು ವರ್ಕ್‌ಶಾಪಿನಿಂದ ಚೈನು ಬಂತು. ಕೈಲು ಮುಹೂರ್ತದಂದು ನೀಲವ್ವ ದೇವರ ಮೂಲೆಯಲ್ಲಿ ಕೋವಿ, ಕತ್ತಿಗಳನ್ನು ಸಾಲಾಗಿಟ್ಟು, ಕೋವಿಯ ಬಾಯಿಗೆ ಕೆಂಪು ಹಳದಿ ಹೂ ಸಿಕ್ಕಿಸಿ ತಿರುಗುವಷ್ಟರಲ್ಲಿ, ಕುಶಾಲಪ್ಪ ಎಣ್ಣೆ ಬಳಿದ ಇಂಜಿನ್ನನ್ನು ಎದೆಗವಚಿಕೊಂಡು ಕುಂಟುತ್ತಾ ಒಳಗೆ ಬಂದ.

"ಅದೂ ಆಯುಧವಾ?" ನೀಲವ್ವ ಗದರಿದಳು.

"ಈ ವರ್ಷದ್ದು ಅದೇ ಅವ್ವ," ಎಂದ.

ಇಂಜಿನ್ನು ಮೊದಲು ಉಸಿರಾಡಿದ್ದು ಭತ್ತದ ಕೊಯ್ಲಿನ ಹೊತ್ತಿಗೆ. ಒದ್ದ, ಒದ್ದ, ಬಲಗಾಲು ಸೋಲುವವರೆಗೆ ಒದ್ದ. ಕೊನೆಗೆ ಅದು ಹೊಗೆ ಕಾರಿ, ಕೆಮ್ಮಿ, ಢಂ ಎಂದಿತು. ಮತ್ತೆ ಢಂ. ಆಮೇಲೆ ಫಟಫಟ ಶುರುವಾಯಿತು. ಯಮುನ ಕಿವಿ ಮುಚ್ಚಿಕೊಂಡು ನಕ್ಕಳು. ಎಷ್ಟೋ ತಿಂಗಳ ಮೇಲೆ ಆ ಮನೆಯಲ್ಲಿ ಕೇಳಿದ ನಗು.

ಸ್ವಲ್ಪ ಹೊತ್ತಿಗೆ ಏದುಸಿರು ಬಿಡುತ್ತಾ ಮಾಯಿಲಪ್ಪ ಬಂದ. ನೀಲವ್ವನ ಗಂಡನ ದಾಯಾದಿ ತಮ್ಮ, ಪಕ್ಕದ ದಿಣ್ಣೆಯ ಮನೆಯವನು. ಕಾಲಲ್ಲಿ ಗದ್ದೆಯ ಕೆಸರು, ಹೆಗಲಲ್ಲಿ ವಸ್ತ್ರ.

"ಯಾರು ಹೋದ್ದು ಅತ್ತಿಗೆ?"

"ನಿನ್ನ ಬುದ್ಧಿ ಹೋದ್ದು! ಅದು ಇವನ ಫಟಫಟಿ ಕೆಮ್ಮಿದ್ದು."

ಮಾಯಿಲಪ್ಪ ಮೆಟ್ಟಿಲಲ್ಲಿ ಕುಸಿದು ಕೂತು ಬೈದ. "ಎರಡು ಹೊಡೆದರೆ ನಾವು ಎಂತ ತಿಳ್ಕೊಳ್ಳೋದು ಮಾರಾಯ? ನನ್ನ ಹೆಂಡತಿ ಆಗಲೇ ಅಳ್ತಾ ಹೊರಟಾಯ್ತು. ಕೆಮ್ಮೋದಾದ್ರೆ ಒಂದು ಕೆಮ್ಮಲಿ, ಇಲ್ಲಾ ಮೂರು ಕೆಮ್ಮಲಿ!"

ಹಿಡಿಕೆಯಲ್ಲಿ ಒಂದು ಸಣ್ಣ ಸನ್ನೆಕೋಲಿತ್ತು. ಓಡುವಾಗ ಅದನ್ನು ಹಿಂದಕ್ಕೆಳೆದು ಬಿಟ್ಟರೆ ಇಂಜಿನ್ನು ಕೋವಿಯ ಹಾಗೆ ಸಿಡಿಯುತ್ತದೆ. ಕುಶಾಲಪ್ಪ ಅದನ್ನು ಕಲಿತ. ಬೇಕೆಂದಾಗ ಒಂದೇ ಒಂದು ಸಿಡಿಸುವಷ್ಟು ಹದ ಕಲಿತ.

ಉಳಿದದ್ದು ಮುಂದಿನ ಕವಲು. ಎಸ್ಟೇಟಿನ ನೀರಿನ ಪೈಪು ತಂದು, ಕಾಯಿಸಿ, ಹಿತ್ತಾಳೆ ಇಟ್ಟು ಬೆಸೆದು ನಿಲ್ಲಿಸಿದರು. ಮಕರ ತಿಂಗಳು ಹಿಡಿದ ವಾರ ಕುಶಾಲಪ್ಪ ಮೊದಲ ಸಲ ಹತ್ತಿ ಕೂತು ಅಂಗಳ ದಾಟಿದ. ಗದ್ದೆಯ ಏರಿಗೆ ಇಳಿದದ್ದೇ ಎರಡು ಪೈಪೂ ಕೆಸುವಿನ ದಂಟಿನ ಹಾಗೆ ಮಡಚಿಕೊಂಡವು. ಅವನು ಮುಖ ಕೆಳಗಾಗಿ ಹೋಗಿ ಬಿದ್ದ.

ನೀಲವ್ವ ಓಡಿದಳು. ಮಗ ಎದ್ದು ಕೂತಿದ್ದ. ಹಣೆಯಿಂದ ರಕ್ತ. ಅದನ್ನು ಒರೆಸಿಕೊಳ್ಳದೆ ಮಡಚಿದ ಪೈಪನ್ನೇ ನೋಡುತ್ತಿದ್ದ.

"ಇವಳು ಹಿಂದೆ ಕೂತಿದ್ದರೆ ಅವ್ವ?" ಎಂದ. "ಇವಳು ಕೂತಿದ್ದರೆ?"

ಯುದ್ಧದಿಂದ ಒನಕೆ ಕಾಲು ಎಳೆದುಕೊಂಡು ಬಂದಾಗಲೂ ಅಳದವನು ಗದ್ದೆಯ ಏರಿಯಲ್ಲಿ ಕೂತು ಅತ್ತ. ನೀಲವ್ವ ತಲೆ ಎತ್ತಿದಾಗ ಜಗಲಿಯಲ್ಲಿ ಯಮುನ ಕಂಬ ಹಿಡಿದು ನಿಂತಿದ್ದಳು. ಎಂಟು ತಿಂಗಳ ಹೊಟ್ಟೆ. ಅವಳು ಅಳುತ್ತಿರಲಿಲ್ಲ. ತನ್ನ ಪಾಲಿನದು ಇಷ್ಟೇ ಎಂದು ತಿಳಿದವಳ ಹಾಗೆ ಸುಮ್ಮನೆ ನೋಡುತ್ತಿದ್ದಳು.

"ಎಂಥಾ ಕೊಳವೆ ಬೇಕು ನಿನಗೆ?" ಮಧ್ಯಾಹ್ನ ಗಂಜಿ ಬಡಿಸುತ್ತಾ ನಾಣಯ್ಯನನ್ನು ಕೇಳಿದಳು.

"ನೆಟ್ಟಗಿನದು. ಒಳಗೆ ಟೊಳ್ಳು, ಹೊರಗೆ ದಪ್ಪ. ಬೆಂಕಿ ತಿಂದು ಹದವಾದ ಉಕ್ಕು. ಎರಡೂ ಒಂದೇ ಅಳತೆಯದು. ಅಂಥದ್ದು..." ನಾಣಯ್ಯನ ಕಣ್ಣು ನಡುಮನೆಯಲ್ಲಿ ಕೋವಿ ತೂಗಿದ್ದ ಗೋಡೆಗೆ ಹೋಗಿ, ಸುಟ್ಟುಕೊಂಡವನ ಹಾಗೆ ಹಿಂದಕ್ಕೆ ಬಂತು.

ನೀಲವ್ವ ಅದನ್ನು ಕಂಡಳು.

ಗಂಜಿಯ ಪಾತ್ರೆ ತೊಳೆದಳು. ಕೈ ಒರೆಸಿಕೊಂಡಳು. ಹಿರಿಯರ ದೀಪಕ್ಕೆ ಹಗಲಲ್ಲೇ ಎಣ್ಣೆ ಹೊಯ್ದು ಹಚ್ಚಿ ಮುಂದೆ ನಿಂತಳು. ಏನು ಹೇಳಿದಳೋ, ಹೇಳಿದ್ದು ಅವಳಿಗೂ ಗೋಡೆಗೂ ಗೊತ್ತು. ಕೋವಿ ಇಳಿಸಿದಳು. ಮದುವೆಯ ಕೆಂಪು ವಸ್ತ್ರದಲ್ಲಿ ಸುತ್ತಿ, ಕೂಸನ್ನು ಎತ್ತಿದ ಹಾಗೆ ಎತ್ತಿಕೊಂಡು ಸೌದೆಕೊಟ್ಟಿಗೆಗೆ ನಡೆದು, ನಾಣಯ್ಯನ ಅಡಿಗಲ್ಲಿನ ಮೇಲೆ ಇಟ್ಟಳು.

ನಾಣಯ್ಯ ಎರಡು ಹೆಜ್ಜೆ ಹಿಂದೆ ಸರಿದ. "ಬೇಡ ತಾಯೀ. ನನ್ನ ಕೈ ಉದುರಿ ಹೋಗ್ತದೆ."

"ಅವ್ವ, ಅದು ಅಪ್ಪನ ಕೋವಿ," ಎಂದ ಕುಶಾಲಪ್ಪ.

"ನಿನ್ನ ಅಪ್ಪನ ಅಪ್ಪನದು. ನಿನ್ನ ಮಗನದು ಆಗ್ಬೇಕಾದ್ದು. ಮಗನೇ ಇಲ್ಲದ ಮೇಲೆ ಗೋಡೆ ಅದನ್ನ ಇಟ್ಟುಕೊಂಡು ಎಂತ ಮಾಡ್ತದೆ?" ನೀಲವ್ವ ಕೋವಿಗೆ ಸುತ್ತಿದ ವಸ್ತ್ರ ಬಿಡಿಸಿದಳು. "ಜೋಡಿ ನಳಿಗೆ. ಬಿಡಿಸಿದರೆ ಎರಡು. ಎಡಕ್ಕೊಂದು, ಬಲಕ್ಕೊಂದು. ಪಾಪ ಬಂದರೆ ನನಗೆ ಬರಲಿ ನಾಣಯ್ಯ, ಹೊಡಿ."

ನಾಣಯ್ಯ ಕೋವಿಗೆ ಕೈ ಮುಗಿದು ಸುತ್ತಿಗೆ ಎತ್ತಿದ. ನಳಿಗೆಗಳ ನಡುವಿನ ಬೆಸುಗೆ ಬಿಟ್ಟಾಗ ಸಣ್ಣ ಸದ್ದಾಯಿತು, ಹಲ್ಲು ಕಿತ್ತ ಹಾಗೆ. ನೀಲವ್ವ ಅದನ್ನು ಕೇಳಿಸಿಕೊಂಡೇ ಒಳಗೆ ಹೋದಳು.

"ಹತ್ತು ದಿನ ಬೇಕು," ಎಂದ ನಾಣಯ್ಯ. "ಬೆಸುಗೆ ನಿಧಾನಕ್ಕೆ ಆರಬೇಕು. ಒಂದೊಂದು ಮೂಲೆಗೆ ಎರಡೆರಡು ಸಲ ಹಿತ್ತಾಳೆ ಕುಡಿಸಬೇಕು."

ಕವಲು ನಿಂತ ಸಂಜೆ ನೀಲವ್ವ ಖಾಲಿ ಗೋಡೆ ನೋಡುತ್ತಾ ಮಗನನ್ನು ಕೇಳಿದಳು. "ಇನ್ನು ಕೂಸು ಹುಟ್ಟಿದರೆ ಯಾವ ಬಾಯಲ್ಲಿ ಹೇಳೂದು?"

"ನಳಿಗೆ ಅದರಲ್ಲೇ ಉಟ್ಟಲ್ಲಾ. ವಾಪಸ್ ಬರುವಾಗ ಆನೆಕಲ್ಲಿನ ತಿರುವಲ್ಲಿ ಒಂದು ಸಿಡಿಸ್ತೇನೆ. ಇಲ್ಲಿಗೆ ಕೇಳ್ತದೆ."

"ಹೈದ ಆದರೆ."

"ಗೂಡೆ ಆದರೂ. ಹೆಣ್ಣೂ ಕೂಸೇ ಅಲ್ಲವಾ."

"ಗೂಡೆಗೆ ಗುಂಡು ಹೊಡೆದವರು ಯಾರು ಈ ಮನೆಯಲ್ಲಿ?"

ಒಳಗಿನಿಂದ ಯಮುನಳ ದನಿ ಬಂತು. "ಎರಡು ಹೊಡೆಯದಿದ್ದರೆ ಸಾಕು ಅತ್ತೆ."

ನೀಲವ್ವ ಎದ್ದು ಹಿರಿಯರ ದೀಪಕ್ಕೆ ಎಣ್ಣೆ ಹೊಯ್ದಳು.

ಅಮಾವಾಸ್ಯೆ ಕಳೆದ ಮೇಲೆ ಮಡಿಕೇರಿಗೆ ಕರೆದೊಯ್ದು ಆಸ್ಪತ್ರೆಯಲ್ಲೇ ಇರಿಸುವುದೆಂದು ಮಾತಾಗಿತ್ತು. ಕೂಸು ಕಾಯಲಿಲ್ಲ. ನಾಣಯ್ಯ ಕೇಳಿದ ಹತ್ತು ದಿನದಲ್ಲಿ ಆರು ಕಳೆದಿತ್ತು, ಬಲಗಡೆಯ ಬೆಸುಗೆ ಎರಡು ಸಲ ಕುಡಿದಿತ್ತು, ಎಡಗಡೆಯದು ಒಂದೇ ಸಲ. ಬೆಳಗ್ಗೆ ರೊಟ್ಟಿ ತಟ್ಟುತ್ತಿದ್ದ ಯಮುನ ಹಿಟ್ಟಿನ ಕೈಯಲ್ಲೇ ಗೋಡೆ ಹಿಡಿದಳು.

"ಅತ್ತೆ," ಎಂದಳು. ಅಷ್ಟೇ.

ಸೂಲಗಿತ್ತಿ ಕೆಂಚಿ ಬಂದು ಹೊಟ್ಟೆ ಮುಟ್ಟಿ ನೋಡಿ ತಲೆಯಲ್ಲಾಡಿಸಿದಳು. "ಕೂಸು ಅಡ್ಡ ಉಟ್ಟು. ನನ್ನ ಕೈಲಿ ಆಗೂದಿಲ್ಲೆ." ಹೊರಲು ಗಂಡಸರಿಲ್ಲ, ಎಲ್ಲ ಎಸ್ಟೇಟುಗಳ ಕಾಫಿ ಪಿಕ್ಕಿಂಗಿಗೆ ಹೋಗಿದ್ದರು. ಇದ್ದಿದ್ದರೂ ಅದೇ ಕಂಬಳಿ, ಅದೇ ಬಿದಿರು.

"ಎಡಗಡೆ ಇನ್ನೂ ಹಸಿ ಕುಶಾಲ," ಎಂದ ನಾಣಯ್ಯ. ಅವನ ಮುಖ ಬೂದಿಯಾಗಿತ್ತು. "ಹೋಗುವಾಗ ನಿಧಾನ ಹೋಗು. ಬರುವಾಗ ನಡ್ಕೊಂಡು ಬಾ."

ಯಮುನಳನ್ನು ಬೆತ್ತದ ಒರಗಿಗೆ ಕೂರಿಸಿ, ಎದೆಯ ಕೆಳಗೂ ತೊಡೆಯ ಮೇಲೂ ಸೀರೆಯಿಂದ ಬಿಗಿದರು. ಕುಶಾಲಪ್ಪ ಒನಕೆ ಕಾಲನ್ನು ಮುಂದೆ ಚಾಚಿದ. ಆ ಉದ್ದ ಮೂತಿಯ ಮಿಡತೆ ನಡುಗುತ್ತಾ ಇಳಿಜಾರು ಹಿಡಿಯಿತು. ನೀಲವ್ವ ಹಿಂದಿನಿಂದ ಓಡಿದಳು. ಸಂಕದ ನಡುವಿನ ಮರದ ಮೇಲೆ ಚಕ್ರ ಹೋಗುವಾಗ ಅವಳು ಉಸಿರು ಬಿಡಲಿಲ್ಲ. ದಾಟಿತು. ಯಮುನ ಒಂದು ಸಲವೂ ಹಿಂದೆ ತಿರುಗಿ ನೋಡಲಿಲ್ಲ. ನೋವಿಗೆ ಅವಳ ಕತ್ತು ಒರಗಿನ ಮೇಲೆ ಬಿದ್ದಿತ್ತು, ಮುಖ ಆಕಾಶಕ್ಕಿತ್ತು. ಗುಡ್ಡದ ಸುತ್ತ ಸದ್ದು ಏರಿ, ಸಣ್ಣದಾಗಿ, ಆನೆಕಲ್ಲಿನಲ್ಲಿ ಒಮ್ಮೆ ಕೇಳಿ ಆಚೆಗೆ ಮರೆಯಾಯಿತು.

ಆ ದಿನ ಸುದ್ದಿಯಿಲ್ಲ. ನೀಲವ್ವ ಒಲೆ ಹಚ್ಚಲಿಲ್ಲ. ಕೆಂಚಿ ತನ್ನ ಮನೆಯಿಂದ ತಂದ ಗಂಜಿ ತಣ್ಣಗಾಯಿತು. ಜಗಲಿಯಲ್ಲಿ ಕೂತು ನೀಲವ್ವ ತನ್ನ ಅಜ್ಜಿ ಹೇಳುತ್ತಿದ್ದ ಮಾತನ್ನು ನೆನೆದಳು. ಕೋವಿ ಮನೆಯ ಮೂಗ ಮಗನಂತೆ. ಅವನನ್ನು ಹೊರಗೆ ಹಾಕಿದರೆ ಎರಡು ಮಾತು ಕಲಿತು ಬಂದು ಬಾಗಿಲಲ್ಲಿ ನಿಲ್ಲುತ್ತಾನಂತೆ.

ಮಾರನೆಯ ದಿನ ನಡುಮಧ್ಯಾಹ್ನ. ಬಿಸಿಲು ಕಾಫಿಗಿಡದ ಮೇಲೆ ಬಿಳಿಯಾಗಿ ನಿಂತಿತ್ತು. ದೂರದಲ್ಲಿ ಫಟಫಟ ಕೇಳಿತು.

ನೀಲವ್ವ ಎದ್ದಳು. ಸದ್ದು ದೊಡ್ಡದಾಯಿತು. ಆನೆಕಲ್ಲಿಗೆ ಬಂತು.

ಢಂ.

ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಒಂದು. ಒಂದು ಎಂದಿತು ದೇವರೇ. ಕಣ್ಣಲ್ಲಿ ನೀರು ತುಂಬುವುದಕ್ಕೂ ಮೊದಲೇ, ಒಂದು ವೀಳ್ಯ ಮಡಚುವಷ್ಟು ಹೊತ್ತಿನಲ್ಲಿ, ಮತ್ತೆ

ಢಂ.

ನೀಲವ್ವ ಅಲ್ಲೇ ಕೂತಳು. ಕಂಬಕ್ಕೆ ತಲೆ ಬಡಿದದ್ದು ಗೊತ್ತಾಗಲಿಲ್ಲ. ಕೆಂಚಿಯೇ ಮೊದಲು ಎದೆ ಹೊಡೆದುಕೊಂಡು ಕೂಗಿದ್ದು, "ಅಯ್ಯೋ ನನ್ನ ಯಮುನಾ!" ಎಂದು. ಆ ಕೂಗು ದಿಣ್ಣೆಯಿಂದ ದಿಣ್ಣೆಗೆ ಹೋಯಿತು. ಜನ ಬರತೊಡಗಿದರು. ಪಿಕ್ಕಿಂಗಿನ ಚೀಲ ಸೊಂಟಕ್ಕೆ ಕಟ್ಟಿದ್ದ ಹೆಂಗಸರು ಹಾಗೆಯೇ ಬಂದರು. ವಸ್ತ್ರ ಹೆಗಲಿಗೆ ಹಾಕಿದ ಗಂಡಸರು ಮಾತಿಲ್ಲದೆ ಅಂಗಳದಲ್ಲಿ ನಿಂತರು. ಯಾರೋ ಮನೆಹಿಂದಿನ ಮಾವಿನ ಮರದ ಸುತ್ತ ನಡೆದು, ಚಿತೆಗೆ ಸಾಕಾದೀತೇ ಎಂದು ಕಣ್ಣಲ್ಲಿ ಅಳೆದರು. ಯಾರೋ ಬಿದಿರು ಕಡಿದು ತಂದರು, ಕಂಬಳಿ ತಂದರು. ಮಾಯಿಲಪ್ಪ ತನ್ನ ಕೋವಿಯನ್ನು ಹಿಡಿದೇ ಬಂದ.

"ಅತ್ತಿಗೆ, ನಿಮ್ಮ ಮನೆಯಲ್ಲಿ ಈಗ ಕೋವಿ ಇಲ್ಲೆ," ಎಂದ ಮೆಲ್ಲಗೆ. "ಮನೆಯಿಂದ ಹೊಡೀದಿದ್ದರೆ ಹೋದ ಜೀವ ಬಾಗಿಲಲ್ಲೇ ನಿಲ್ತದೆ. ಎರಡು ತೋಟೆ ತುಂಬಿ ತಂದಿದ್ದೇನೆ. ನಾನು ಹೊಡೀಲಾ?"

ನೀಲವ್ವ ತಲೆ ಎತ್ತಲಿಲ್ಲ. ಹೆಂಗಸರ ಅಳು ಅವಳ ಸುತ್ತ ಜೇನಿನ ಹಾಗೆ ಮೊರೆಯುತ್ತಿತ್ತು. ನಾನೇ ಕೊಂದೆ, ಎಂದಿತು ಒಳಗೆ ಒಂದು ದನಿ. ಗೋಡೆಯಿಂದ ಇಳಿಸಿದವಳು ನಾನು. ಎರಡು ಮಾತು ಕಲಿತು ಬಂದ.

"ಹೊಡೀಲಾ ಅತ್ತಿಗೆ? ಇಲ್ಲಾ ಕುಶಾಲ ಬರ್ಲಿ ಅಂತ ನಿಲ್ಲೂದಾ? ಎಲ್ಲಿದ್ದಾನೆ ಅವ?"

ಎಲ್ಲಿದ್ದಾನೆ ಅವ?

ನೀಲವ್ವ ಕಣ್ಣು ಬಿಟ್ಟಳು. ಅಂಗಳದಲ್ಲಿ ನಲವತ್ತು ಜನ ಇದ್ದರು. ದೂರದ ಮನೆಯವರೂ ನಡೆದು ಬಂದು ತಲುಪಿದ್ದರು. ಆನೆಕಲ್ಲಿನಿಂದ ಮನೆಗೆ ಫಟಫಟಿಗೆ ಎಷ್ಟು ಹೊತ್ತು? ಎಲೆ ಅಡಿಕೆ ಜಗಿದು ಉಗುಳುವಷ್ಟು.

"ಬಾಯಿ ಮುಚ್ಚಿ," ಎಂದಳು.

ಯಾರಿಗೂ ಕೇಳಲಿಲ್ಲ.

"ಬಾಯಿ ಮುಚ್ಚೀ ಎಲ್ಲ!"

ಅಳು ಕಡಿದ ಹಾಗೆ ನಿಂತಿತು. ಸತ್ತ ಮನೆಯ ಅಳುವನ್ನು ಮನೆಯವಳೇ ನಿಲ್ಲಿಸಿದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ನೀಲವ್ವ ಕಂಬ ಹಿಡಿದು ಎದ್ದಳು. ಕಿವಿಗೊಟ್ಟಳು. ತೋಡಿನ ನೀರು, ಒಂದು ಹಕ್ಕಿ. ಮತ್ತೇನಿಲ್ಲ.

"ಕೆಂಚಿ, ಮೊದಲನೇದು ಹೊಡೆದ ಮೇಲೆ ಫಟಫಟ ಕೇಳಿತಲ್ಲ?"

"ಕೇಳಿತು ಅವ್ವ."

"ಎರಡನೇದರ ಮೇಲೆ?"

ಕೆಂಚಿ ಎದೆಯ ಮೇಲಿನ ಕೈ ಇಳಿಸಿದಳು. "ಇಲ್ಲೆ ಅವ್ವ."

"ಮಾಯಿಲಪ್ಪ, ನಿನಗೆ ಗೊತ್ತಿಲ್ಲೆಯಾ? ನಮ್ಮಲ್ಲಿ ಹೆಣವನ್ನ ಒಂದು ಗಳಿಗೆ ಒಂಟಿ ಬಿಡೂದಿಲ್ಲೆ. ಹೆಂಡತಿಯ ಹೆಣವನ್ನ ಆಸ್ಪತ್ರೆಯಲ್ಲಿ ಒಂಟಿ ಬಿಟ್ಟು ನನ್ನ ಮಗ ಫಟಫಟಿ ಹತ್ತಿ ಬರ್ತಾನಾ? ಅವ ಬಂದದ್ದು ಅವಳು ಬದುಕಿದ್ದಾಳೆ ಅಂತ. ಒಂದು ಹೊಡೆದದ್ದು ಅವ. ಎರಡನೇದು ಹೊಡೆದದ್ದು ಅವ ಅಲ್ಲ." ಅವಳು ಮೆಟ್ಟಿಲಿಳಿದಳು. "ಆ ಬಿದಿರು ಎತ್ತಿ. ಕಂಬಳಿ ಎತ್ತಿ. ಓಡಿ!"

ಚಿತೆಗೆ ಬಂದ ಜನ ಇಳಿಜಾರಿನಲ್ಲಿ ಓಡಿದರು. ಎಲ್ಲರಿಗಿಂತ ಮುಂದೆ ಅರವತ್ತರ ಆ ಹೆಂಗಸು, ಸೀರೆ ಮೊಣಕಾಲಿಗೆ ಎತ್ತಿಕೊಂಡು.

ಆನೆಕಲ್ಲಿನಿಂದ ಸಂಕಕ್ಕೆ ಇಳಿಯುವಲ್ಲಿ ಒಂದು ಕಡೆ ದಾರಿಯ ಅಂಚು ಕುಸಿದಿತ್ತು. ಕೆಳಗೆ ತೋಡಿನ ಮಡುವಿನಲ್ಲಿ ಫಟಫಟಿ ಮಗುಚಿ ಬಿದ್ದಿತ್ತು, ಅದರಡಿಯಲ್ಲಿ ಕುಶಾಲಪ್ಪ. ಬಲಗಾಲು ಇಂಜಿನ್ನಿನ ಕೆಳಗೆ. ಕತ್ತಿನವರೆಗೆ ನೀರು. ಒಂದು ಕೈಯಿಂದ ಅತ್ತಿಮರದ ಬೇರು ಹಿಡಿದು ತಲೆಯನ್ನು ನೀರಿನ ಮೇಲೆ ಇಟ್ಟುಕೊಂಡಿದ್ದ. ಬೆರಳು ಬಿಳಿಚಿಕೊಂಡಿದ್ದವು. ಕೂಗಿ ಕೂಗಿ ದನಿ ಹೋಗಿತ್ತು. ಮೇಲೆ ಅಷ್ಟು ಜನ ಅಳುವಾಗ ಅವನ ಕೂಗು ಯಾರಿಗೆ ಕೇಳಬೇಕು?

ಆರು ಜನ ಇಳಿದು ಫಟಫಟಿ ಎತ್ತಿದರು. ಬೇರಿನಿಂದ ಅವನ ಬೆರಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ನೀಲವ್ವ ನೀರಲ್ಲೇ ಕೂತು ಮಗನ ತಲೆಯನ್ನು ಮಡಿಲಿಗೆ ತೆಗೆದುಕೊಂಡಳು.

"ಗೂಡೆ, ಅವ್ವ," ಎಂದ ಅವನು. ದನಿ ಗಾಳಿಯ ಹಾಗಿತ್ತು. "ಹೊಟ್ಟೆ ಕೊಯ್ದು ತೆಗೆದರು. ತುಂಬಾ ಅಳ್ತದೆ. ಯಮುನ ಹಾಲು ಕೊಟ್ಟಳು. ನಿನ್ನನ್ನ ಕರ್ಕೊ ಬಾ ಅಂದಳು."

"ನಡ್ಕೊಂಡು ಬಾ ಅಂದಿದ್ದೆನಲ್ಲೋ ಕುಶಾಲ!" ನಾಣಯ್ಯ ಮುರಿದ ಕವಲಿನ ಬಳಿ ಕೂತು ಅಳುತ್ತಿದ್ದ. ನಳಿಗೆಗಳು ಎರಡೂ ನೆಟ್ಟಗೇ ಇದ್ದವು, ಒಂದು ಗೀರೂ ಇಲ್ಲ. ಎಡಗಡೆಯ ಬೆಸುಗೆ ಬಾಯಿ ಬಿಟ್ಟಿತ್ತು, ಬೀಳುವಾಗ ಇಂಜಿನ್ನು ತಾನಾಗಿ ಸಿಡಿದಿತ್ತು. "ಕೋವಿ ಮಾತು ಉಳಿಸಿಕೊಂಡಿತು. ನನ್ನ ಹಿತ್ತಾಳೆ ಸುಳ್ಳಾಡಿತು."

"ನಡ್ಕೊಂಡು ಬಂದರೆ ಗುಂಡು ಹೊಡೆಯೂದು ಹೇಗೆ ನಾಣಯ್ಯಣ್ಣ?" ಎಂದ ಕುಶಾಲಪ್ಪ. ಆಮೇಲೆ ತನ್ನ ಬಲಗಾಲನ್ನು ನೋಡಿಕೊಂಡ. ಅದು ಕಾಲಿರಬೇಕಾದ ರೀತಿಯಲ್ಲಿ ಇರಲಿಲ್ಲ. "ಇನ್ನು ಎರಡೂ ಒನಕೆ ಅವ್ವ," ಎಂದು ಕಣ್ಣು ಮುಚ್ಚಿದ.

"ಕಣ್ಣು ಬಿಡು. ಬಿಡು ಕಣ್ಣು!" ನೀಲವ್ವ ಕೆನ್ನೆಗೆ ಹೊಡೆದಳು. ಅವನು ಬಿಟ್ಟ.

ಯಮುನಳಿಗೆಂದು ತಂದ ಕಂಬಳಿಯಲ್ಲಿ ಅವನನ್ನು ಮಲಗಿಸಿ ಬಿದಿರಿಗೆ ಕಟ್ಟಿದರು. ನಾಲ್ಕು ಜನ ಹೊರಲು ಬೇಕು. ಅಲ್ಲಿ ನಲವತ್ತು ಜನ ಇದ್ದರು. ಭುಜ ಬದಲಿಸುತ್ತಾ ಹೋದರೆ ಓಡಿಕೊಂಡೇ ಹೋಗಬಹುದು. ಮತ್ತದೇ ದಾರಿ, ಅದೇ ಗುಡ್ಡ. ಕಂಬಳಿಯ ಕೆಳಗೆ ರಕ್ತ ತೊಟ್ಟಿಕ್ಕಲು ಶುರುವಾದದ್ದನ್ನು ನೀಲವ್ವ ನೋಡಿದಳು. ಸೆರಗು ಹರಿದು ಬಿಗಿದಳು, ಕಂಬಳಿಯ ಅಂಚು ಹಿಡಿದು ಜೊತೆಗೇ ಹೆಜ್ಜೆ ಹಾಕಿದಳು.

ಆನೆಕಲ್ಲಿನ ತಿರುವಿನಲ್ಲಿ ಭುಜ ಬದಲಿಸಲು ನಿಂತರು. ಮಾಯಿಲಪ್ಪನ ಹೆಗಲಲ್ಲಿ ಕೋವಿ ಹಾಗೆಯೇ ತೂಗುತ್ತಿತ್ತು, ಎರಡು ತೋಟೆ ತುಂಬಿದ್ದು.

"ಮಾಯಿಲಪ್ಪ," ಎಂದಳು ನೀಲವ್ವ. "ಹೊಡಿ."

ಅವನು ಬೆದರಿ ಕಂಬಳಿಯ ಕಡೆ ನೋಡಿದ. "ಅತ್ತಿಗೆ, ಅವ ಇನ್ನೂ..."

"ಅವನಿಗಲ್ಲ ಮಾರಾಯ. ನನ್ನ ಮೊಮ್ಮಗಳಿಗೆ. ಒಂದು."

"ಗೂಡೆಗೆ ಯಾರೂ ಹೊಡೆದದ್ದಿಲ್ಲೆ ಅತ್ತಿಗೆ."

"ಅದಕ್ಕೇ ಅವಳಪ್ಪ ಹೊಡೆದದ್ದು ಯಾರಿಗೂ ತಿಳೀಲಿಲ್ಲೆ. ಒಂದು ಹೊಡಿ. ಇನ್ನೊಂದು ತೋಟೆ ತೆಗೆದು ನನ್ನ ಕೈಗೆ ಕೊಡು."

ಮಾಯಿಲಪ್ಪ ಒಂದು ತೋಟೆ ತೆಗೆದು ಅವಳ ಅಂಗೈಗೆ ಇಟ್ಟ. ಕೋವಿಯನ್ನು ಆಕಾಶಕ್ಕೆತ್ತಿದ. ಸದ್ದು ಗುಡ್ಡಕ್ಕೆ ಹೊಡೆದು, ತೋಡಿಗಿಳಿದು, ಆಚೆ ಗುಡ್ಡಕ್ಕೆ ಹೋಯಿತು. ಕಂಬಳಿಯೊಳಗಿನಿಂದ ಕುಶಾಲಪ್ಪನ ಕೈ ಹೊರಗೆ ಬಂದು ಅವ್ವನ ಸೆರಗನ್ನು ಹಿಡಿದುಕೊಂಡಿತು.

ಆಚೆ ಗುಡ್ಡದ ಎಸ್ಟೇಟಿನಲ್ಲಿ ಕಾಫಿ ಕೊಯ್ಯುತ್ತಿದ್ದವರು ಕೈ ನಿಲ್ಲಿಸಿ ತಲೆ ಎತ್ತಿದರು, ಎರಡನೆಯದಕ್ಕಾಗಿ ಕಾದರು. ಅದು ಬರಲಿಲ್ಲ.